ಜುಲೈ ಬಂತು: ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ ಯಾರನ್ನು ಇಟ್ಟುಕೊಳ್ಳೋದು, ಯಾರನ್ನು ಕೊಟ್ಟುಬಿಡೋದು?

2024ರ ಜುಲೈ 30. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆ ವರ್ಷ ಟ್ರೇಡ್ ಮಾಡಲು, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು, ಅದೇ ಕೊನೆಯ ದಿನ. ಡೆಟ್ರಾಯಿಟ್ ಟೈಗರ್ಸ್ ಅಷ್ಟು ಹೊತ್ತಿಗೆ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಆದರೆ ಇಬ್ಬರು ಪಿಚರ್‌ಗಳು ತುಂಬಾ ಚೆನ್ನಾಗಿ ಎಸೆಯುತ್ತಿದ್ದರು. ಒಬ್ಬ ಜ್ಯಾಕ್ ಫ್ಲಾಹರ್ಟಿ, ಇನ್ನೊಬ್ಬ ಟಾರಿಕ್ ಸ್ಕೂಬಲ್. ಟೈಗರ್ಸ್ ಫ್ಲಾಹರ್ಟಿಯನ್ನು ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ಕೊಟ್ಟರು. ಸ್ಕೂಬಲ್‌ನನ್ನು ಇಟ್ಟುಕೊಂಡರು.

ಫ್ಲಾಹರ್ಟಿ ಚೆನ್ನಾಗಿ ಆಡುತ್ತಿರಲಿಲ್ಲ ಅಂತಲ್ಲ. ಡೆಟ್ರಾಯಿಟ್‌ನಲ್ಲಿ 106 ಚಿಲ್ಲರೆ ಇನಿಂಗ್ಸ್ ಎಸೆದು 133 ಸ್ಟ್ರೈಕೌಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡೋದು) ಮಾಡಿದ್ದ, ಕೊಟ್ಟ ವಾಕ್ (ನಾಲ್ಕು ಚೆಂಡು ಆಚೀಚೆ ಎಸೆದು ಬ್ಯಾಟರ್‌ಗೆ ಪುಕ್ಕಟೆ ಬಿಟ್ಟುಕೊಡುವ ಬೇಸ್) ಬರೀ 19. ಆದರೆ ಅವನದು ಒಂದೇ ವರ್ಷದ ಕರಾರು. ಸೀಸನ್ ಮುಗಿದರೆ ಅವನು ಯಾವ ತಂಡಕ್ಕೆ ಬೇಕಾದರೂ ಹೋಗಬಹುದಿತ್ತು. ಸ್ಕೂಬಲ್ 2026ರ ಕೊನೆಯವರೆಗೂ ತಂಡದ ಕೈಯಲ್ಲಿದ್ದ. ಇಬ್ಬರೂ ಒಳ್ಳೆಯವರೇ. ಟೈಗರ್ಸ್ ನೋಡಿದ್ದು ಯಾರು ಎಷ್ಟು ದಿನ ನಮ್ಮವರು ಅನ್ನೋದನ್ನ.

ಆಮೇಲೆ ಆಗಿದ್ದು ನಿಮಗೆ ಗೊತ್ತಿರಬಹುದು. ಆಗಸ್ಟ್ 10ಕ್ಕೆ 55 ಗೆಲುವು, 63 ಸೋಲು ಇದ್ದ ತಂಡ ಕೊನೆಯ 44 ಪಂದ್ಯಗಳಲ್ಲಿ 31 ಗೆದ್ದಿತು. 2014ರ ನಂತರ ಮೊದಲ ಸಲ ಪ್ಲೇಆಫ್‌ಗೆ ಹೋಯಿತು. ಫ್ಲಾಹರ್ಟಿಗೆ ಬದಲಾಗಿ ಬಂದ ಇಬ್ಬರಲ್ಲಿ ಒಬ್ಬನಾದ ಟ್ರೇ ಸ್ವೀನಿ ಆ ಓಟದಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಆಡಿದ. ಸ್ಕೂಬಲ್ 18 ಗೆಲುವು, 228 ಸ್ಟ್ರೈಕೌಟ್, 2.39 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) ಇಟ್ಟು, ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಮಿಷಿಗನ್‌ನಲ್ಲಿ ಇರುವ ನನಗೆ ಇದು ಮನೆಯ ತಂಡ. ಆಫೀಸಿನ ಗೆಳೆಯರ ಜೊತೆ ಆಡುವ ಕೀಪರ್ ಲೀಗ್‌ನಲ್ಲಿ ಪ್ರತಿ ಜುಲೈನಲ್ಲೂ ಇದೇ ಪ್ರಶ್ನೆ ನನ್ನ ಮುಂದೆಯೂ ಬರುತ್ತದೆ. ನಮ್ಮ 12 ಜನರಲ್ಲಿ ನಾಲ್ವರು ಕನ್ನಡದವರು. ಹೊಸದಾಗಿ ಸೇರಿದವರು ಪ್ರತಿ ವರ್ಷ ಕೇಳುವ ಪ್ರಶ್ನೆಗಳನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ಕಾಗದದ ತಂಡ ಕಟ್ಟೋದು, ಮೈದಾನದಲ್ಲಿ ಅವರು ಮಾಡಿದ್ದಕ್ಕೆ ನಮಗೆ ಅಂಕ ಬರೋದು, ಇದೇ ಫ್ಯಾಂಟಸಿ ಬೇಸ್‌ಬಾಲ್. ಫ್ಯಾಂಟಸಿ ಬೇಸ್‌ಬಾಲ್‌ನ ಈ ರೂಪ 1980ರಲ್ಲಿ ನ್ಯೂಯಾರ್ಕ್‌ನ ಒಂದು ಫ್ರೆಂಚ್ ರೆಸ್ಟೋರೆಂಟ್‌ನ ಹೆಸರಿನಿಂದ ಶುರುವಾಯಿತು, ಅದಕ್ಕೇ ರೋಟಿಸರಿ ಅನ್ನುತ್ತಾರೆ. ಸಾಮಾನ್ಯವಾಗಿ ಒಬ್ಬೊಬ್ಬರಿಗೆ 260 ಡಾಲರ್ ಲೆಕ್ಕದ ಹಣ ಇರುತ್ತದೆ. ಅದರಲ್ಲಿ ಹರಾಜು ಕೂಗಿ 23 ಆಟಗಾರರನ್ನು ಕೊಳ್ಳಬೇಕು. ಕೀಪರ್ ಲೀಗ್ ಆದರೆ ಕೆಲವರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಐಪಿಎಲ್ ರಿಟೆನ್ಶನ್ ನೋಡಿದವರಿಗೆ ಇದು ಹೊಸದೇನಲ್ಲ.

ಮೊದಲು ನೀವು ಎಲ್ಲಿ ನಿಂತಿದ್ದೀರಿ ನೋಡಿ

ಆಟಗಾರರ ಪಟ್ಟಿ ಆಮೇಲೆ. ಮೊದಲು ಅಂಕಪಟ್ಟಿ ತೆಗೆಯಿರಿ. ಒಟ್ಟು ಅಂಕ ನೋಡಿ ಸುಮ್ನೆ ಖುಷಿಪಡೋದು ಅಥವಾ ಬೇಜಾರಾಗೋದು ಬೇಡ. ಒಂದೊಂದು ವಿಭಾಗವನ್ನೂ ಬಿಡಿಸಿ ನೋಡಿ: ರನ್, ಹೋಮ್ ರನ್, ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದ ರನ್), ಸ್ಟೀಲ್ (ಓಡಿ ಕದ್ದ ಬೇಸ್), ಸರಾಸರಿ (ಬ್ಯಾಟ್ ಮಾಡಿದ್ದರಲ್ಲಿ ಎಷ್ಟು ಪಾಲು ಹಿಟ್). ಪಿಚಿಂಗ್‌ನಲ್ಲಿ ಗೆಲುವು, ಸೇವ್ (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಕಾಪಾಡೋದು), ಸ್ಟ್ರೈಕೌಟ್, ಇಆರ್‌ಎ, ವಿಪ್ (ಒಂದು ಇನಿಂಗ್ಸ್‌ಗೆ ಕೊಟ್ಟ ವಾಕ್ ಮತ್ತು ಹಿಟ್). ಪ್ರತಿ ವಿಭಾಗದಲ್ಲೂ ಒಬ್ಬರನ್ನು ದಾಟಿದರೆ ಒಂದು ಅಂಕ.

ಸ್ಟೀಲ್‌ನಲ್ಲಿ ನೀವು ಒಂಬತ್ತನೇ ಸ್ಥಾನದಲ್ಲಿದ್ದೀರಿ ಅಂತಿಟ್ಟುಕೊಳ್ಳಿ. ನಿಮಗಿಂತ ಮೇಲಿನ ನಾಲ್ವರೂ ನಿಮಗಿಂತ ಹತ್ತು ಸ್ಟೀಲ್ ಒಳಗೇ ಇದ್ದಾರೆ. ಹಾಗಾದರೆ ಒಬ್ಬ ಒಳ್ಳೆಯ ಓಟಗಾರ ಬಂದರೆ ನಾಲ್ಕು ಅಂಕ ಬರುತ್ತದೆ. ಅದೇ ಹೋಮ್ ರನ್‌ನಲ್ಲಿ ಮೇಲಿನವನು 35 ಮುಂದಿದ್ದರೆ, ಎಂಥ ದೊಡ್ಡ ಹೊಡೆತಗಾರನನ್ನು ತಂದರೂ ಒಂದು ಅಂಕವೂ ಸಿಗಲ್ಲ.

ಸರಾಸರಿ ಮತ್ತು ಇಆರ್‌ಎ ವಿಷಯದಲ್ಲಿ ಜನ ಜಾಸ್ತಿ ಮೋಸಹೋಗುತ್ತಾರೆ. ಲೆಕ್ಕ ಮಾಡಿ ನೋಡಿ. ನಿಮ್ಮ ತಂಡ 4000 ಸಲ ಬ್ಯಾಟ್ ಮಾಡಿ 0.250 ಸರಾಸರಿಯಲ್ಲಿದೆ. ಇನ್ನು 3000 ಸಲ ಬಾಕಿ ಇದೆ. ಕೊನೆಗೆ 0.255 ಆಗಬೇಕಾದರೆ ಉಳಿದ ಅವಧಿಯಲ್ಲಿ ಇಡೀ ತಂಡ 0.262 ಹೊಡೆಯಬೇಕು. ಒಬ್ಬನನ್ನು ತಂದರೆ ಅದು ಆಗಲ್ಲ. ಸೇವ್ ಮತ್ತು ಸ್ಟೀಲ್ ಹಾಗಲ್ಲ, ಒಬ್ಬಿಬ್ಬರಿಂದಲೇ ಮೇಲೇರಬಹುದು. ಜುಲೈನಲ್ಲಿ ನಾನು ಮೊದಲು ಹುಡುಕೋದು ಅವನ್ನೇ.

ಎಲ್ಲ ಕೂಡಿಸಿದ ಮೇಲೂ ಮೊದಲ ಮೂರು ಸ್ಥಾನ ಮುಟ್ಟಲು ಆಗಲ್ಲ ಅನ್ನಿಸಿದರೆ, ನೀವು ಮಾರುವವರು. ಮುಟ್ಟಬಹುದು ಅಂದರೆ ಕೊಳ್ಳುವವರು. ಎರಡೂ ಅಲ್ಲದೆ ನಡುವೆ ನಿಂತವರೇ ಕೊನೆಗೆ ಏನೂ ಸಿಗದೆ ಮನೆಗೆ ಹೋಗೋದು.

ಈ ತೀರ್ಮಾನಕ್ಕೆ ಒಂದು ವಾರದ ಆಟ ಸಾಕಾಗಲ್ಲ ಅನ್ನೋದೂ ನಿಜ. 2021ರ ಜೂನ್ 24ರಂದು ಶಿಕಾಗೋ ಕಬ್ಸ್ ನಾಲ್ವರು ಪಿಚರ್‌ಗಳನ್ನು ಬಳಸಿ ಡಾಡ್ಜರ್ಸ್ ವಿರುದ್ಧ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದರು. ಅವತ್ತು ಅವರು ತಮ್ಮ ಡಿವಿಷನ್‌ನಲ್ಲಿ ಮೊದಲ ಸ್ಥಾನದಲ್ಲಿ ಸಮಬಲವಾಗಿದ್ದರು. ಮರುದಿನದಿಂದ ಸತತ 11 ಸೋಲು. ಜುಲೈ ಮುಗಿಯುವಷ್ಟರಲ್ಲಿ ತಂಡದ ಸ್ಟಾರ್‌ಗಳಾದ ರಿಜ್ಜೋ, ಬಾಯೆಜ್, ಬ್ರಯಂಟ್ ಮೂವರನ್ನೂ ಕೊಟ್ಟಾಗಿತ್ತು. ಮೂವರ ಕರಾರೂ ಆ ವರ್ಷವೇ ಮುಗಿಯುತ್ತಿತ್ತು. ಬಾಯೆಜ್‌ಗೆ ಬದಲಾಗಿ ಸಿಕ್ಕ ಹುಡುಗನ ಹೆಸರು ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್. 2025ರಲ್ಲಿ ಅವನು 30 ಹೋಮ್ ರನ್, 30 ಸ್ಟೀಲ್ ಎರಡನ್ನೂ ದಾಟಿದ.

ಅದೇ ಜುಲೈನಲ್ಲಿ ಅಟ್ಲಾಂಟಾ ಬ್ರೇವ್ಸ್ ಪಾಡೂ ಚೆನ್ನಾಗಿರಲಿಲ್ಲ. ತಂಡದ ಸ್ಟಾರ್ ರೊನಾಲ್ಡ್ ಅಕುನ್ಯಾ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಕೂತಿದ್ದ, ತಂಡ ಅರ್ಧಕ್ಕರ್ಧ ಪಂದ್ಯವನ್ನೂ ಗೆದ್ದಿರಲಿಲ್ಲ. ಆದರೂ ಪೀಡರ್ಸನ್, ಡುವಾಲ್, ರೊಸಾರಿಯೊ, ಸೊಲೇರ್ ಅಂತ ನಾಲ್ಕು ಔಟ್‌ಫೀಲ್ಡರ್‌ಗಳನ್ನು ಕೊಂಡರು. ಆ ವರ್ಷದ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಅವರದೇ. ಕಬ್ಸ್‌ಗೂ ಬ್ರೇವ್ಸ್‌ಗೂ ಇದ್ದ ವ್ಯತ್ಯಾಸ ದೊಡ್ಡದೇನಲ್ಲ: ಬ್ರೇವ್ಸ್ ಮುಂದೆ ಇದ್ದ ತಂಡ ಕೈಗೆಟುಕುವಷ್ಟು ಹತ್ತಿರ ಇತ್ತು, ಕಬ್ಸ್ ಮುಂದಿದ್ದ ತಂಡ ಬಹಳ ದೂರ ಹೋಗಿಬಿಟ್ಟಿತ್ತು. ನಿಮ್ಮ ಸೋಲು ಗೆಲುವಿಗಿಂತ ಮುಂದಿರುವವರ ದೂರ ಮುಖ್ಯ.

ಒಂದು ಹಾಳೆ, ನಾಲ್ಕು ಕಂಬ

ಈಗ ಆಟಗಾರರು. ನಾನು ಕಂಪ್ಯೂಟರ್ ಬಿಟ್ಟು ಹಾಳೆಯ ಮೇಲೆ ಬರೆಯುತ್ತೇನೆ, ಕಣ್ಣಿಗೆ ಎಲ್ಲ ಒಟ್ಟಿಗೆ ಕಾಣುತ್ತದೆ ಅಂತ. ಮೊದಲ ಕಂಬದಲ್ಲಿ ಹೆಸರು. ಎರಡನೆಯದರಲ್ಲಿ ಮುಂದಿನ ವರ್ಷ ಇಟ್ಟುಕೊಂಡರೆ ಎಷ್ಟು ಡಾಲರ್. ಮೂರನೆಯದರಲ್ಲಿ ಮುಂದಿನ ಮಾರ್ಚ್ ಹರಾಜಿನಲ್ಲಿ ಅವನು ನಿಜಕ್ಕೂ ಎಷ್ಟಕ್ಕೆ ಹೋಗಬಹುದು. ನಾಲ್ಕನೆಯದು ಇವೆರಡರ ವ್ಯತ್ಯಾಸ.

ಆ ನಾಲ್ಕನೇ ಕಂಬವೇ ಎಲ್ಲ. 45 ಡಾಲರ್ ಬೆಲೆಬಾಳುವ ದೊಡ್ಡ ಸ್ಟಾರ್ ನಿಮ್ಮ ಹತ್ತಿರ 42ಕ್ಕೆ ಇದ್ದಾನೆ ಅಂದರೆ ಉಳಿತಾಯ 3. ಇನ್ನೂ ಹೆಸರು ಮಾಡದ 22ರ ಹುಡುಗ, 18 ಡಾಲರ್ ಬೆಲೆಬಾಳುವವನು, ನಿಮ್ಮ ಹತ್ತಿರ 4ಕ್ಕೆ ಇದ್ದರೆ ಉಳಿತಾಯ 14. ಈ ವರ್ಷ ಗೆಲ್ಲುವ ಆಸೆ ಇಲ್ಲದಿದ್ದರೆ ಆ ಸ್ಟಾರ್ ನಿಮ್ಮ ಫ್ಲಾಹರ್ಟಿ, ಹುಡುಗ ನಿಮ್ಮ ಸ್ಕೂಬಲ್. ಸ್ಟಾರ್‌ನನ್ನು ಕೊಡಿ. ಗೆಲ್ಲುವ ಹಾದಿಯಲ್ಲಿದ್ದರೆ ಇದೇ ಲೆಕ್ಕ ತಲೆಕೆಳಗು: ಹುಡುಗನನ್ನು ಕೊಟ್ಟು ಸ್ಟಾರ್‌ನನ್ನು ತನ್ನಿ. ಎದುರಿಗಿರುವವರ ಹಾಳೆ ನಿಮ್ಮದಕ್ಕಿಂತ ಬೇರೆ ಇರುವುದರಿಂದಲೇ ಇಬ್ಬರಿಗೂ ಲಾಭವಾಗುವ ಟ್ರೇಡ್ ಸಾಧ್ಯ.

ಒಂದು ಸಂಖ್ಯೆಯನ್ನು ಮಾತ್ರ ಹಾಳೆಯಲ್ಲಿ ಬರೆಯಬೇಡಿ. ಈ ಮಾರ್ಚ್‌ನಲ್ಲಿ ನೀವು ಕೊಟ್ಟ ಬೆಲೆ. 30 ಡಾಲರ್ ಸುರಿದಿದ್ದೇನೆ, ಅಷ್ಟಾದರೂ ವಾಪಸ್ ಬರಲಿ ಅನ್ನೋ ಹಟ ಎಲ್ಲರಿಗೂ ಇರುತ್ತದೆ. ಆ ದುಡ್ಡು ಹೋಗಿ ಆಯ್ತು, ಅಲ್ವಾ? ಮುಂದಿನ ವರ್ಷದ ಬೆಲೆಯನ್ನು ಮಾತ್ರ ನೋಡಿ.

ಈ ಆಟ ನಿಜವಾ, ಅದೃಷ್ಟವಾ?

ಇಲ್ಲಿ ನಿಧಾನವಾಗಿ ಹೋಗೋಣ. ಮೂರನೇ ಕಂಬದ ಬೆಲೆ ಸರಿ ಇರಬೇಕಾದರೆ, ಮೂರು ತಿಂಗಳ ಆಟದಲ್ಲಿ ಎಷ್ಟು ಆಟಗಾರನದು, ಎಷ್ಟು ಅದೃಷ್ಟದ್ದು ಅಂತ ಬೇರ್ಪಡಿಸಬೇಕು.

ಬ್ಯಾಟರ್ ಆದರೆ ನಾನು ಮೊದಲು ನೋಡೋದು ಬ್ಯಾಬಿಪ್ ಅನ್ನೋ ಅಂಕಿಯನ್ನ. ಸ್ಟ್ರೈಕೌಟ್, ಹೋಮ್ ರನ್ ಎರಡನ್ನೂ ಬಿಟ್ಟು, ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಅನ್ನೋ ಲೆಕ್ಕ ಅದು. ಇಡೀ ಲೀಗ್ ತೆಗೆದುಕೊಂಡರೆ ನೂರಕ್ಕೆ ಸುಮಾರು 30. ವೇಗವಾಗಿ ಓಡುವವರಿಗೆ, ಚೆಂಡನ್ನು ನೇರವಾಗಿ ಗಟ್ಟಿಯಾಗಿ ಹೊಡೆಯುವವರಿಗೆ ಸ್ವಲ್ಪ ಜಾಸ್ತಿ. ಆದರೆ ಹಿಂದಿನ ಮೂರು ವರ್ಷ ನೂರಕ್ಕೆ 30 ಇದ್ದವನಿಗೆ ಈ ವರ್ಷ ಏಕಾಏಕಿ 40 ಆಗಿದ್ದರೆ, ಫೀಲ್ಡರ್‌ಗಳ ನಡುವಿನ ಸಂದಿಯಲ್ಲಿ ಚೆಂಡು ಬೀಳುತ್ತಿದೆ ಅಂತ ಅರ್ಥ. ಆ ಸಂದಿ ಆಗಸ್ಟ್‌ನಲ್ಲಿ ಮುಚ್ಚಿಕೊಳ್ಳುತ್ತದೆ. ಅವನಿಗೆ ಬೆಲೆ ಇರುವಾಗಲೇ ಮಾರಿ.

ನಿಜವಾದ ಪ್ರತಿಭೆ ಇದ್ದವರೂ ಕೆಳಗೆ ಬರುತ್ತಾರೆ. 2023ರ ಜೂನ್ ಕೊನೆಯ ಹೊತ್ತಿಗೆ ಮಯಾಮಿಯ ಲೂಯಿಸ್ ಅರಾಯೆಜ್ 0.400 ಹೊಡೆಯುತ್ತಿದ್ದ. 1941ರಲ್ಲಿ ಟೆಡ್ ವಿಲಿಯಮ್ಸ್ ಮಾಡಿದ ಮೇಲೆ ಅಮೆರಿಕನ್, ನ್ಯಾಷನಲ್ ಲೀಗ್‌ಗಳಲ್ಲಿ ಯಾರೂ ಇಡೀ ಸೀಸನ್ ಅದನ್ನು ಮುಟ್ಟಿಲ್ಲ. ಅರಾಯೆಜ್ ಕೊನೆಗೆ ನಿಂತಿದ್ದು 0.354ಕ್ಕೆ. ನ್ಯಾಷನಲ್ ಲೀಗ್‌ಗೆ ಮೊದಲಿಗನೇ, ಅನುಮಾನವಿಲ್ಲ. ಆದರೆ ಜುಲೈ ಮಧ್ಯದ ಆಲ್-ಸ್ಟಾರ್ ವಿರಾಮದ ನಂತರ ಅವನು ಆಡಿದ್ದು ಹೆಚ್ಚುಕಡಿಮೆ ಹಿಂದಿನ ವರ್ಷದ 0.316ರ ಮಟ್ಟದಲ್ಲೇ. ಜುಲೈನಲ್ಲಿ ಅವನನ್ನು 0.400ರ ಬೆಲೆಗೆ ಕೊಂಡವರು ಕೈ ಸುಟ್ಟುಕೊಂಡರು.

ಉಲ್ಟಾ ಉದಾಹರಣೆ ಹುವಾನ್ ಸೋಟೊ. 2024ರ ಡಿಸೆಂಬರ್‌ನಲ್ಲಿ ಮೆಟ್ಸ್ ಅವನಿಗೆ 15 ವರ್ಷಕ್ಕೆ 765 ಮಿಲಿಯನ್ ಡಾಲರ್ ಕರಾರು ಕೊಟ್ಟಿದ್ದರು. 2025ರ ಸೀಸನ್‌ನ ಮೊದಲ ಎರಡು ತಿಂಗಳು ಮಂಕು. ಎಲ್ಲರೂ ಬೈಯುತ್ತಿದ್ದರು. ಆದರೆ ಅವನು ಚೆಂಡು ಹೊಡೆಯುವ ರಭಸ ಕಡಿಮೆ ಆಗಿರಲಿಲ್ಲ, ವಾಕ್ ಗಳಿಸೋದೂ ನಿಂತಿರಲಿಲ್ಲ. ಜೂನ್‌ನಲ್ಲಿ 11 ಹೋಮ್ ರನ್ ಬಂತು. ವರ್ಷದ ಕೊನೆಗೆ 43 ಹೋಮ್ ರನ್, 38 ಸ್ಟೀಲ್. ನಮ್ಮ ಲೀಗ್‌ನಲ್ಲಿ ಮೇ ತಿಂಗಳಲ್ಲಿ ಅವನನ್ನು ಮಾರಿದ ಗೆಳೆಯ ಈಗಲೂ ಆ ಮಾತು ಎತ್ತಿದರೆ ಸುಮ್ಮನಾಗುತ್ತಾನೆ.

ಈ ರಭಸ ಎಲ್ಲಿ ಕಾಣುತ್ತದೆ? ಬೇಸ್‌ಬಾಲ್ ಸವಾಂಟ್ ಅನ್ನೋ ತಾಣದಲ್ಲಿ, ಪುಕ್ಕಟೆ. 2015ರಿಂದ ಎಲ್ಲ ಮೈದಾನಗಳಲ್ಲೂ ಸ್ಟ್ಯಾಟ್‌ಕ್ಯಾಸ್ಟ್ ಯಂತ್ರಗಳಿವೆ, ಒಂದೊಂದು ಚೆಂಡಿನ ವೇಗವನ್ನೂ ಅಳೆಯುತ್ತವೆ. ಆಟಗಾರನ ಹೆಸರು ಹಾಕಿದರೆ ಸಾಲುಸಾಲು ಬಣ್ಣದ ಚುಕ್ಕೆಗಳು ಬರುತ್ತವೆ. ಕೆಂಪು ಅಂದರೆ ಲೀಗ್‌ನಲ್ಲಿ ಮುಂದೆ, ನೀಲಿ ಅಂದರೆ ಹಿಂದೆ. ಗಂಟೆಗೆ 95 ಮೈಲಿಗಿಂತ ಜೋರಾಗಿ ಎಷ್ಟು ಸಲ ಹೊಡೆಯುತ್ತಾನೆ, ಎಷ್ಟು ಸಲ ಸ್ಟ್ರೈಕೌಟ್ ಆಗುತ್ತಾನೆ, ಎಷ್ಟು ವಾಕ್. ಈ ಮೂರು ಚುಕ್ಕೆ ಹೋದ ವರ್ಷದಂತೆಯೇ ಇದ್ದು ಸರಾಸರಿ ಮಾತ್ರ ಬಿದ್ದಿದ್ದರೆ ಅವನನ್ನು ಇಟ್ಟುಕೊಳ್ಳಿ. ಬೇರೆಯವರ ತಂಡದಲ್ಲಿದ್ದರೆ ಹೋಗಿ ಕೇಳಿ. ಮೂರೂ ನೀಲಿಗೆ ತಿರುಗಿದ್ದರೆ ಅದು ಅದೃಷ್ಟದ ಸಮಸ್ಯೆ ಅಲ್ಲ.

ಪಿಚರ್‌ಗೆ ಇದೇ ಲೆಕ್ಕದ ಇನ್ನೊಂದು ಮುಖ. ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತದಾ ಇಲ್ಲವಾ ಅನ್ನೋದರ ಮೇಲೆ ಪಿಚರ್‌ಗೆ ಇರುವ ಹಿಡಿತ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ ಅಂತ 2001ರಲ್ಲಿ ವೋರೋಸ್ ಮೆಕ್‌ಕ್ರಾಕನ್ ತೋರಿಸಿದ. ಅದಕ್ಕೇ ಇಆರ್‌ಎ ಪಕ್ಕದಲ್ಲಿ ಫಿಪ್ ಇಟ್ಟು ನೋಡಬೇಕು. ಫಿಪ್ ಎಣಿಸೋದು ಸ್ಟ್ರೈಕೌಟ್, ವಾಕ್, ಚೆಂಡು ಮೈಗೆ ತಾಗಿದ್ದು, ಹೋಮ್ ರನ್ ಇಷ್ಟನ್ನೇ. ಇಆರ್‌ಎ 2.60, ಫಿಪ್ 4.30 ಇದ್ದವನಿಗೆ ಈಗ ಒಳ್ಳೆಯ ಗಿರಾಕಿ ಸಿಗುತ್ತಾನೆ, ಸೆಪ್ಟೆಂಬರ್‌ನಲ್ಲಿ ಸಿಗಲ್ಲ. ಇದರ ಜೊತೆ ತಿಂಗಳು ತಿಂಗಳ ಫಾಸ್ಟ್‌ಬಾಲ್ ವೇಗ ನೋಡಿ. ಗಂಟೆಗೆ ಒಂದು ಮೈಲಿಗಿಂತ ಜಾಸ್ತಿ ಬಿದ್ದು ಹಾಗೇ ಉಳಿದಿದ್ದರೆ ಎಲ್ಲೋ ನೋವಿರಬಹುದು.

ಗಾಯಗೊಂಡವರನ್ನು ಆತುರದಲ್ಲಿ ಬಿಡಬೇಡಿ

ಇದು ನನ್ನದೇ ತಪ್ಪಿನಿಂದ ಕಲಿತಿದ್ದು. 2022ರಲ್ಲಿ ನನ್ನ ತಂಡದಲ್ಲಿ 3 ಡಾಲರ್‌ಗೆ ಒಬ್ಬ ಎಡಗೈ ಪಿಚರ್ ಇದ್ದ. ಹೌದು, ಇದೇ ಸ್ಕೂಬಲ್. 117 ಚಿಲ್ಲರೆ ಇನಿಂಗ್ಸ್‌ನಲ್ಲಿ 117 ಸ್ಟ್ರೈಕೌಟ್. ಆಗಸ್ಟ್‌ನಲ್ಲಿ ಮುಂಗೈ ಸ್ನಾಯುವಿನ ಶಸ್ತ್ರಚಿಕಿತ್ಸೆ ಅಂತ ಸುದ್ದಿ ಬಂತು. ಅದೇ ರಾತ್ರಿ ಫೋನ್‌ನಲ್ಲಿ ಅವನ ಹೆಸರಿನ ಮೇಲೆ ಒತ್ತಿ ತಂಡದಿಂದ ತೆಗೆದೆ. ಎಷ್ಟು ತಿಂಗಳಿಗೆ ವಾಪಸ್ ಬರುತ್ತಾನೆ ಅಂತ ಓದಿ ನೋಡಲಿಲ್ಲ. 3 ಡಾಲರ್ ಅನ್ನೋದನ್ನೂ ಯೋಚಿಸಲಿಲ್ಲ. ಪಕ್ಕದ ಮೇಜಿನ ಗೆಳೆಯ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವನನ್ನು ಎತ್ತಿಕೊಂಡ.

2023ರ ಜುಲೈ 4ಕ್ಕೆ ಸ್ಕೂಬಲ್ ವಾಪಸ್ ಬಂದ, ಮೊದಲಿಗಿಂತ ವೇಗವಾಗಿ. 15 ಪಂದ್ಯ, 2.80 ಇಆರ್‌ಎ. ಮುಂದಿನ ಎರಡು ವರ್ಷ ಎರಡು ಸೈ ಯಂಗ್. ಆ ಗೆಳೆಯನ ತಂಡ 2024ರಲ್ಲಿ ಗೆದ್ದಿತು.

ಈಗ ಗಾಯದ ಸುದ್ದಿ ಬಂದರೆ ಮೂರು ದಿನ ಏನೂ ಮಾಡಲ್ಲ. ಯಾವ ಗಾಯ ಅಂತ ಓದುತ್ತೇನೆ. ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆದ ಪಿಚರ್‌ಗೆ 12ರಿಂದ 18 ತಿಂಗಳು ಬೇಕು, ಅಂದರೆ ಜುಲೈನಲ್ಲಿ ಆದರೆ ಮುಂದಿನ ಸೀಸನ್ನೂ ಬಹುತೇಕ ಹೋಯಿತು. ಬೆಲೆ 3 ಡಾಲರ್, ಇನ್ನೂ ವಯಸ್ಸಿದೆ, ಗಾಯಾಳುಗಳಿಗೆ ಮೀಸಲಾದ ಜಾಗ ಖಾಲಿ ಇದೆ ಅಂದರೆ ಇಟ್ಟುಕೊಳ್ಳುತ್ತೇನೆ. 20 ಡಾಲರ್ ಆದರೆ ಬಿಡುತ್ತೇನೆ.

ಪಿಚರ್‌ಗಳ ಕೈ ಇಷ್ಟು ನಾಜೂಕಾದ್ದರಿಂದ ನನ್ನ ಒಂದು ನಿಯಮ: ನಾಲ್ಕನೇ ಕಂಬದಲ್ಲಿ ಪಿಚರ್, ಬ್ಯಾಟರ್ ಇಬ್ಬರದೂ ಒಂದೇ ಸಂಖ್ಯೆ ಇದ್ದರೆ ಬ್ಯಾಟರ್‌ನನ್ನೇ ಉಳಿಸಿಕೊಳ್ಳೋದು.

ಕ್ಲೋಸರ್‌ಗಳನ್ನು ಜುಲೈ ಮೂರನೇ ವಾರದೊಳಗೆ ನೋಡಿಕೊಳ್ಳಿ

ಸೋಲುತ್ತಿರುವ ತಂಡದ ಕ್ಲೋಸರ್ (ಕೊನೆಯ ಇನಿಂಗ್ಸ್ ಎಸೆದು ಸೇವ್ ಗಳಿಸುವ ಪಿಚರ್) ನಿಮ್ಮ ಹತ್ತಿರ ಇದ್ದಾನಾ? ನಿಜವಾದ ಟ್ರೇಡ್ ಗಡುವಿನ ದಿನ ಅವನನ್ನು ದೊಡ್ಡ ತಂಡ ಕೊಂಡುಕೊಳ್ಳಬಹುದು. ಅಲ್ಲಿ ಈಗಾಗಲೇ ಒಬ್ಬ ಕ್ಲೋಸರ್ ಇರುತ್ತಾನೆ. ನಿಮ್ಮವನು ಎಂಟನೇ ಇನಿಂಗ್ಸ್ ಎಸೆಯುತ್ತಾನೆ, ಸೇವ್ ನಿಂತುಹೋಗುತ್ತದೆ. 2024ರಲ್ಲಿ ಟ್ಯಾನರ್ ಸ್ಕಾಟ್ ಮಯಾಮಿಯಲ್ಲಿ 18 ಸೇವ್ ಮಾಡಿ ಸ್ಯಾನ್ ಡಿಯಾಗೋಗೆ ಹೋದ, ಅಲ್ಲಿ ಸಿಕ್ಕಿದ್ದು 4. 2025ರಲ್ಲಿ ರಯನ್ ಹೆಲ್ಸ್ಲಿ ಸೇಂಟ್ ಲೂಯಿಸ್‌ನಲ್ಲಿ 21 ಸೇವ್ ಮಾಡಿ ಮೆಟ್ಸ್‌ಗೆ ಹೋದ, ಒಂದೂ ಸಿಗಲಿಲ್ಲ. ಇಂಥವರನ್ನು ಗಡುವಿಗೆ ಹತ್ತು ದಿನ ಮೊದಲೇ, ಸೇವ್ ಬೇಕಾದವರಿಗೆ ಕೊಟ್ಟುಬಿಡಿ. ಅದೇ ತಂಡದ ಎಂಟನೇ ಇನಿಂಗ್ಸ್ ಪಿಚರ್‌ನನ್ನು ಒಂದು ಡಾಲರ್‌ಗೆ ಎತ್ತಿಟ್ಟುಕೊಳ್ಳಿ. ಮುಂದಿನ ಕ್ಲೋಸರ್ ಅವನೇ ಇರಬಹುದು.

ಕೊಲೊರಾಡೋ ಬ್ಯಾಟರ್‌ಗಳಿಗೂ ಇದೇ ಎಚ್ಚರಿಕೆ. ಆ ತಂಡದ ಊರು ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ, ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ. ಆ ತಂಡ ಬಿಟ್ಟ ದಿನವೇ ಅವರ ಬೆಲೆ ಇಳಿಯುತ್ತದೆ.

ಮಾತಾಡೋದು ಹೇಗೆ

ಸುಮ್ನೆ ಆ್ಯಪ್‌ನಲ್ಲಿ ಆಫರ್ ಕಳಿಸಿ ಕೂರಬೇಡಿ. ಮೊದಲು ಎದುರಿನವರ ಅಂಕಪಟ್ಟಿ ನೋಡಿ, ಅವರಿಗೆ ಏನು ಬೇಕು ತಿಳಿದುಕೊಳ್ಳಿ. ಆಮೇಲೆ ಮೆಸೇಜ್ ಮಾಡಿ: "ನಿಮಗೆ ಸೇವ್‌ನಲ್ಲಿ ಮೂರು ಅಂಕ ಹತ್ತಿರದಲ್ಲೇ ಇದೆ. ನನ್ನ ಕ್ಲೋಸರ್ ಬೇಕಾ? ನಿಮ್ಮ 5 ಡಾಲರ್ ಹುಡುಗರಲ್ಲಿ ಯಾರನ್ನು ಕೊಡಬಹುದು?" ಅವರೇ ಹೆಸರು ಹೇಳಲಿ. ನೀವು ಅಂದುಕೊಂಡಿದ್ದಕ್ಕಿಂತ ಒಳ್ಳೆಯ ಹೆಸರು ಎಷ್ಟೋ ಸಲ ಬರುತ್ತದೆ.

ಇಬ್ಬರು ಸಾಧಾರಣ ಆಟಗಾರರನ್ನು ಕೊಟ್ಟು ಒಬ್ಬ ದೊಡ್ಡವನನ್ನು ಕೇಳೋದು ಎಲ್ಲರೂ ಮಾಡುವ ಕೆಲಸ. ನಿಮಗೇ ಅಂಥ ಆಫರ್ ಬಂದರೆ ನೆನಪಿಡಿ: ಇಬ್ಬರು ಬಂದರೆ ನೀವು ಇನ್ನೊಬ್ಬನನ್ನು ಹೊರಗೆ ಹಾಕಬೇಕು. ಅವನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ನಿಮ್ಮ ಲೀಗ್‌ನ ಗಡುವು ಯಾವತ್ತು ಅಂತ ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿ. ಕೆಲವು ಲೀಗ್‌ಗಳಲ್ಲಿ ಮೇಜರ್ ಲೀಗ್‌ನ ದಿನವೇ, ಕೆಲವದರಲ್ಲಿ ಆಗಸ್ಟ್ ಮಧ್ಯ. ಕೊನೆಯ ಗಂಟೆಯಲ್ಲಿ ಮಾರುವವರು ಜಾಸ್ತಿ, ಕೊಳ್ಳುವವರು ಕಡಿಮೆ.

ಕೊಟ್ಟವನು ಮತ್ತೆ ಸಿಗಬಹುದು

ಇಷ್ಟದ ಆಟಗಾರನನ್ನು ಕೊಡಲು ಮನಸ್ಸು ಬರಲ್ಲ. ನನಗೂ ಅಷ್ಟೇ. 2023ರಲ್ಲಿ ಲಾಸ್ ಏಂಜಲಿಸ್ ಏಂಜಲ್ಸ್, ಬ್ಯಾಟಿಂಗ್ ಪಿಚಿಂಗ್ ಎರಡರಲ್ಲೂ ಸ್ಟಾರ್ ಆಗಿದ್ದ, ಆ ವರ್ಷವೇ ಕರಾರು ಮುಗಿಯಲಿದ್ದ ಶೋಹೇಯಿ ಒಟಾನಿಯನ್ನು ಕೊಡದೆ ಇಟ್ಟುಕೊಂಡಿದ್ದು ನನಗೆ ಅರ್ಥವಾಗುತ್ತದೆ. ಅಂಥವನನ್ನು ಯಾರು ಕೊಡುತ್ತಾರೆ? ಉಲ್ಟಾ ಲುಕಾಸ್ ಜಿಯೊಲಿಟೊ, ರೇನಾಲ್ಡೊ ಲೋಪೆಜ್‌ರನ್ನು ಕೊಂಡರು. ಆಗಸ್ಟ್‌ನಲ್ಲಿ ಸೋತಿದ್ದೇ ಜಾಸ್ತಿ, ಒಟಾನಿಯ ಮೊಣಕೈ ಹೋಯಿತು, ತಂಡ 73 ಗೆದ್ದು 89 ಸೋತಿತು. ಡಿಸೆಂಬರ್‌ನಲ್ಲಿ ಒಟಾನಿ ಹತ್ತಿರದಲ್ಲೇ ಇರುವ ಡಾಡ್ಜರ್ಸ್‌ಗೆ 10 ವರ್ಷಕ್ಕೆ 700 ಮಿಲಿಯನ್ ಡಾಲರ್‌ಗೆ ಸಹಿ ಹಾಕಿದ. ಏಂಜಲ್ಸ್‌ಗೆ ಪರಿಹಾರವಾಗಿ ಸಿಕ್ಕಿದ್ದು ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಒಂದು ಸರದಿ.

ಯಾಂಕೀಸ್ 2016ರಲ್ಲಿ ಬೇರೆ ಹಾದಿ ಹಿಡಿದರು. ಕರಾರು ಮುಗಿಯಲಿದ್ದ ಅರೋಲ್ಡಿಸ್ ಚ್ಯಾಪ್‌ಮನ್‌ನನ್ನು ಜುಲೈ 25ರಂದು ಕಬ್ಸ್‌ಗೆ ಕೊಟ್ಟರು. ಕಬ್ಸ್ 1908ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದರು. ಯಾಂಕೀಸ್‌ಗೆ ಗ್ಲೇಬರ್ ಟೊರೆಸ್ ಮತ್ತು ಇನ್ನೂ ಮೂವರು ಸಿಕ್ಕರು. ಡಿಸೆಂಬರ್‌ನಲ್ಲಿ ಚ್ಯಾಪ್‌ಮನ್ ಮತ್ತೆ ಯಾಂಕೀಸ್‌ಗೇ ಸಹಿ ಹಾಕಿದ. ಫ್ಲಾಹರ್ಟಿಯೂ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದು, 2025ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ಗೇ ವಾಪಸ್ ಬಂದ.

ನಮ್ಮ ಲೀಗ್‌ಗಳಲ್ಲಿ ಇದು ಇನ್ನೂ ಸುಲಭ. 42 ಡಾಲರ್ ಸ್ಟಾರ್‌ನನ್ನು ಕೊಂಡವರೂ ಅಷ್ಟು ಬೆಲೆಗೆ ಅವನನ್ನು ಇಟ್ಟುಕೊಳ್ಳೋದು ಅಪರೂಪ, ಮಾರ್ಚ್‌ನಲ್ಲಿ ಅವನು ಮತ್ತೆ ಹರಾಜಿಗೆ ಬರುತ್ತಾನೆ. ಅದಕ್ಕೇ ಆ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ ಮಾಡುತ್ತೇನೆ: ಕೊಟ್ಟವರ ಹೆಸರು, ಪಕ್ಕದಲ್ಲಿ ಮಾರ್ಚ್‌ನಲ್ಲಿ ಎಷ್ಟರವರೆಗೆ ಕೂಗಬಹುದು ಅನ್ನೋ ಸಂಖ್ಯೆ. ಹಾಳೆ ಮಡಿಸಿ ಮೇಜಿನ ಡ್ರಾಯರ್‌ನಲ್ಲಿ ಇಟ್ಟರೆ ಹರಾಜಿನ ದಿನ ಬೆಳಿಗ್ಗೆಯೇ ಅದನ್ನು ತೆಗೆಯೋದು.